ಎಂಬತ್ತೆರಡೂವರೆ ಎಕರೆ

ಗಾಳಿಬೀಡು
ಬುಧವಾರ, ೮ ಅಕ್ಟೋಬರ್ ೨೦೨೫

ಮಗಳೇ ನಿಶ್ಮಿತಾ,

ಅಮ್ಮನ ಪ್ರೀತಿ ಮೊದಲು, ಬೈಗುಳ ಆಮೇಲೆ. ನಾವಿಬ್ಬರೂ ಚೆನ್ನಾಗಿದ್ದೇವೆ, ನಿನ್ನಪ್ಪ ಮಾತ್ರ ನೀನಿಲ್ಲದೆ ಜಗಳಕ್ಕೆ ಜನ ಸಾಲದೆ ನಾಯಿಯ ಹತ್ತಿರ ವಾದ ಮಾಡುತ್ತಿದ್ದಾರೆ. ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ಬೆಳಿಗ್ಗೆ ನೀನು ಅಳೋಕೆ ಶುರು ಮಾಡಿದೆ, ನಾನು ಬೈಯೋಕೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಶುಕ್ರವಾರ ಧರ್ಮೇಂದ್ರನ ಪಿಕಪ್ ಕರಿಮೆಣಸಿನ ಬಳ್ಳಿ ಹೇರಿಕೊಂಡು ನಿನ್ನ ಕಾಲೇಜಿರುವ ಪೊನ್ನಂಪೇಟೆಗೆ ಬರುತ್ತದೆ, ಅವನ ಕೈಯಲ್ಲಿ ಕಳಿಸುತ್ತೇನೆ.

ನೀನು ಹೇಳಿದ್ದನ್ನು ಮೊದಲು ಬರೆದುಕೊಳ್ಳುತ್ತೇನೆ, ತಪ್ಪಿದ್ದರೆ ತಿದ್ದು. ಕಾಲೇಜಿನ ಮೊದಲ ದಿನ ಎಲ್ಲರೂ ಎದ್ದು ನಿಂತು ಊರು ಮನೆ ಹೇಳಿದರು. ನಿನ್ನ ರೂಮಿನ ಪೂಜಿತಾ ತಮ್ಮದು ಅರವತ್ತು ಎಕರೆ ಕಾಫಿ ಎಂದಳು. ನಿನ್ನ ಸರದಿ ಬಂದಾಗ ಬಾಯಿ ತಡೆಯದೆ, ಗಾಳಿಬೀಡಿನಲ್ಲಿ ನಮ್ಮದೂ ಎಂಬತ್ತು ಎಕರೆ ಎಸ್ಟೇಟ್ ಇದೆ ಎಂದುಬಿಟ್ಟೆ. ಈಗ ತುಲಾ ಸಂಕ್ರಮಣ ಕಳೆದ ಮೇಲಿನ ಭಾನುವಾರ ಪೂಜಿತಾಳ ಜತೆ ಮೂವರು ನಮ್ಮ ಬಂಗಲೆ ನೋಡಲು ಹೊರಟಿದ್ದಾರೆ. ಅವರಿಗೆ ಕೂಲಿಯವರ ಲೈನ್ ಮನೆ ತೋರಿಸುವುದಕ್ಕಿಂತ ಓದು ಬಿಡುವುದೇ ವಾಸಿ, ಬಂದು ಕರೆದುಕೊಂಡು ಹೋಗು, ಅನ್ನುತ್ತೀಯ.

ಅಳತೆಯನ್ನು ಸರಿಮಾಡೋಣ. ಸಾಹುಕಾರರ ಎಸ್ಟೇಟು ಎಂಬತ್ತಲ್ಲ, ಎಂಬತ್ತೆರಡೂವರೆ. ಸುಳ್ಳು ಹೇಳುವವಳು ಎರಡೂವರೆ ಎಕರೆ ಯಾಕೆ ಬಿಟ್ಟೆ? ನೀರು ಹರಿಯುವ ತೋಡಿನ ಪಕ್ಕದ ಆ ಏಲಕ್ಕಿ ಜಾಗವೇ ಇಡೀ ಎಸ್ಟೇಟಿನಲ್ಲಿ ಚೆಂದ.

ಇನ್ನು, ನಾನು ಬರುವುದಿಲ್ಲ. ಇಪ್ಪತ್ತೆರಡು ವರ್ಷದ ಹಾಜರಿ ಪುಸ್ತಕ ನನ್ನ ಹತ್ತಿರ ಇದೆ. ಹೊಸದಾಗಿ ಕೆಲಸಕ್ಕೆ ಬಂದವರಲ್ಲಿ ಓಡಿಹೋಗುವವರು ನಾಲ್ಕರಿಂದ ಏಳನೇ ದಿನದೊಳಗೆ ಓಡುತ್ತಾರೆ. ಎಂಟು ದಾಟಿದವರು ಸೀಸನ್ ಮುಗಿಸದೆ ಹೋದದ್ದಿಲ್ಲ. ನಿನಗೆ ಇವತ್ತು ಆರು.

ನಿನಗೆ ಹೇಳದ ಒಂದು ವಿಷಯ ಇದೆ. ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಕೆಲಸ ನನ್ನ ಬುದ್ಧಿಯಿಂದ ಬಂತು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನಲ್ಲ, ಅದು ಅರ್ಧ ಸತ್ಯ. ಆಗ ನಾನು ಕಾಫಿ ಕೊಯ್ಯುವ ಲಿಂಗಿ, ಓದಿದ್ದು ಏಳನೇ ಕ್ಲಾಸು. ಹಾಜರಿ ಬರೆಯಲು ಜನ ಬೇಕು ಎಂದಾಗ ಸಾಹುಕಾರರ ಮುಂದೆ ನಿಂತು, ಸುಂಟಿಕೊಪ್ಪದ ಕಡೆ ಎರಡು ವರ್ಷ ಬರೆದಿದ್ದೇನೆ ಎಂದೆ. ಸುಂಟಿಕೊಪ್ಪದಲ್ಲಿ ನಾನು ಬಸ್ಸಿನಿಂದ ಇಳಿದವಳೂ ಅಲ್ಲ. ಹಳೇ ರೈಟರ್ ಗುರುವಪ್ಪನವರು ನನ್ನ ಪುಸ್ತಕ ನೋಡಿ, ಇದೇನು ಹಾಜರಿಯಾ ರಂಗೋಲಿಯಾ ಎಂದು ಕೇಳಿದರು. ಎಂಟು ದಿನ ಊಟದ ಹೊತ್ತಿನಲ್ಲಿ ಕೂರಿಸಿ ಕಲಿಸಿದರು. ಒಂಬತ್ತನೇ ದಿನ ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದೆ ನಾನೇ ಹೋಗಿ ಸಾಹುಕಾರರಿಗೆ ಹೇಳಿದೆ. ಅವರು, ಎರಡನೇ ದಿನವೇ ಗೊತ್ತಾಗಿತ್ತು, ನೀನಾಗಿ ಬರ್ತೀಯಾ ಅಂತ ಕಾಯ್ತಿದ್ದೆ, ಹೋಗಿ ಬರಿ ಎಂದರು. ಆವತ್ತಿನಿಂದ ನನ್ನನ್ನು ಎಲ್ಲರೂ ಲಿಂಗಮ್ಮ ಅನ್ನುತ್ತಾರೆ.

ಹಾಗಾಗಿ ಸುಳ್ಳು ಹೇಳಿದ್ದಕ್ಕೆ ಬೈಯುವ ಮುಖ ನನಗಿಲ್ಲ. ಆದರೆ ಬೇರೆ ಬಾಯಿಂದ ಹೊರಡುವ ಮೊದಲು ನಿನ್ನ ಬಾಯಿಂದಲೇ ಹೊರಡಲಿ. ಕ್ಲಾಸಿನಲ್ಲಿ ಎದ್ದು ನಿಂತು ಬೇಡ. ಪೂಜಿತಾಳಿಗೆ ಹೇಳು, ಬಟ್ಟೆ ಒಗೆಯುವಾಗ. ಕೈಗೆ ಕೆಲಸ ಇದ್ದಾಗ ಬಾಯಿಗೆ ನಾಚಿಕೆ ಕಡಿಮೆ.

ಉಳಿದದ್ದು ಕಾಲೇಜಿನ ಮಾತು. ನಾನು ಕಾಲೇಜು ಕಂಡದ್ದು ನಿನ್ನ ಅಡ್ಮಿಷನ್ ದಿನ, ಕ್ಯೂನಲ್ಲಿ ನಿಂತು. ಕ್ಯೂನಲ್ಲಿ ನಿಂತವರಿಗೆ ಬೇಕಾದಷ್ಟು ಕಾಣುತ್ತದೆ. ಪ್ರತಿ ಸರ್ಟಿಫಿಕೇಟಿಗೂ ಐದು ಝೆರಾಕ್ಸ್ ಇಟ್ಟುಕೋ, ಒರಿಜಿನಲ್ ಕೊಟ್ಟರೆ ರಶೀದಿ ಇಲ್ಲದೆ ಅಲುಗಾಡಬೇಡ. ಎರಡನೇ ಸಾಲಿನಲ್ಲಿ ಕೂರು: ಮೊದಲ ಸಾಲಿನವರಿಗೆ ಪ್ರಶ್ನೆ ಬರುತ್ತದೆ, ಕೊನೆಯ ಸಾಲಿನವರ ಮೇಲೆ ಅನುಮಾನ ಬರುತ್ತದೆ. ಇಂಗ್ಲಿಷ್ ಪಾಠ ಅರ್ಥವಾಗದಿದ್ದರೆ ತಲೆಯಾಡಿಸಬೇಡ. ನಮ್ಮ ತೋಟದಲ್ಲಿ ತಲೆಯಾಡಿಸಿ ಹೋದವರೇ ಹೇಳಿದ ಮರ ಬಿಟ್ಟು ಬೇರೆ ಮರದ ಕೊಂಬೆ ಕಡಿದು ಬರುವುದು. ಗೊತ್ತಾಗಲಿಲ್ಲ ಸರ್ ಅನ್ನು. ಲ್ಯಾಬಿನ ಅಟೆಂಡರನ್ನು ಅಣ್ಣ ಎಂದು ಕರೆ, ಯಾವ ಬೀಗಕ್ಕೆ ಯಾವ ಕೀ ಅಂತ ಅವರಿಗೇ ಗೊತ್ತಿರುವುದು. ಕೊಡೆ ಕೇಳಿದರೆ ಕೊಡಬೇಡ, ಜತೆಗೆ ಕರೆದುಕೊಂಡು ಹೋಗು. ಕೊಡೆಯೂ ಉಳಿಯುತ್ತದೆ, ಸ್ನೇಹವೂ ಆಗುತ್ತದೆ.

ಬಿಸಿನೀರು ಸಿಗದಿದ್ದರೂ ತಲೆಗೆ ಎಣ್ಣೆ ಹಾಕುವುದನ್ನು ಬಿಡಬೇಡ.

ನಿನ್ನ ಅಮ್ಮ,
ಲಿಂಗಮ್ಮ

ತಾ.ಕ.: ಶುಕ್ರವಾರ ಮಧ್ಯಾಹ್ನ. ಬರುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ರೈಟರ್ ಆದವಳು ಹೊಡೆದುಹಾಕಬಾರದು. ಆದರೆ ಇದನ್ನು ಬರೆಯುತ್ತಿರುವುದು ನಿನ್ನ ಕಾಲೇಜಿನ ಗೇಟಿನ ಹತ್ತಿರ, ಧರ್ಮೇಂದ್ರನ ಪಿಕಪ್‌ನಲ್ಲಿ ಕೂತು. ನಿನ್ನ ಬಟ್ಟೆಬರೆ ತುಂಬಿಕೊಂಡು ಹೋಗಲು ದೊಡ್ಡ ಚೀಲವನ್ನೇ ತಂದಿದ್ದೆ. ನಿನ್ನಪ್ಪ ಬೇಡ ಎಂದರು, ನಾನು ಕೇಳಲಿಲ್ಲ.

ಬೇಲಿಯಾಚೆ ನರ್ಸರಿಯಲ್ಲಿ ನೀವೆಲ್ಲ ಗಿಡದ ಕವರಿಗೆ ಮಣ್ಣು ತುಂಬುತ್ತಿದ್ದಿರಿ. ನೀನು ಒಬ್ಬಳಿಗೆ, ಮಾರಾಯ್ತಿ, ಇದು ಮಣ್ಣು, ಅವಲಕ್ಕಿ ಅಲ್ಲ, ಒತ್ತಿ ತುಂಬು ಎನ್ನುತ್ತಿದ್ದೆ. ನನ್ನದೇ ಸ್ವರ. ಧರ್ಮೇಂದ್ರ ಬೆಚ್ಚಿ ನನ್ನ ಬಾಯಿ ನೋಡಿದ.

ಅಷ್ಟರಲ್ಲಿ ನೀರಿನ ಬಾಟಲಿ ಹಿಡಿದ ಹುಡುಗಿಯೊಬ್ಬಳು ಗೇಟಿಗೆ ಬಂದು, ಯಾರು ಬೇಕು ಆಂಟಿ ಎಂದಳು. ಹೆಸರು ಕೇಳಿದೆ, ಪೂಜಿತಾ ಎಂದಳು. ನಿನ್ನ ಮರ್ಯಾದೆ ಉಳಿಸೋಣ ಅಂತ, ನಾನು ನಿಶ್ಮಿತಾ ಅವರ ಎಸ್ಟೇಟಿನ ಕೆಲಸದವಳಮ್ಮಾ, ಅವರ ತಾಯಿ ಕಾಗದ ಕಳಿಸಿದ್ದಾರೆ ಎಂದೆ. ಅವಳು ನಕ್ಕು, ಸುಮ್ನಿರಿ ಆಂಟಿ, ನೀವೇ ಲಿಂಗಮ್ಮ ರೈಟರ್ ಅಂತ ಮೂಗು ನೋಡಿದ್ರೇ ಗೊತ್ತಾಗ್ತದೆ, ನಿನ್ನೆ ನಿಶ್ಮಿತಾ ಎಲ್ಲ ಹೇಳಿದಳು, ನಾವು ನಿಮ್ಮ ಮನೆಗೇ ಬರೋದು ಎಂದಳು.

ಅಲ್ಲಿಗೆ ನನ್ನ ಬುದ್ಧಿವಾದವೆಲ್ಲ ದಂಡ. ಆದರೂ ಬರೆದಾಗಿದೆ, ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ನೀವು ಬರುವ ಭಾನುವಾರ ಹಂದಿ ಮಾಂಸ ತಿನ್ನದವರು ಯಾರಾದರೂ ಇದ್ದರೆ ಮೊದಲೇ ತಿಳಿಸು. ನಿನ್ನನ್ನು ಕರೆಯಲಾ ಎಂದು ಅವಳು ಎರಡು ಸಲ ಕೇಳಿದಳು, ಬೇಡ ಎಂದೆ. ಹತ್ತಿರದಿಂದ ಕಂಡರೆ ಈ ಚೀಲ ತುಂಬಿಬಿಟ್ಟೇನು.