ವೆನಿಸ್‌ನಲ್ಲಿ ಉಳಿದ ಚಟ್ನಿ ಡಬ್ಬಿ

ಲಿಂಕೋಪಿಂಗ್
18 ಸೆಪ್ಟೆಂಬರ್ 2006

ನನ್ನ ಮುದ್ದಿನ ರಜನಿಯಕ್ಕಾ,

ನೀನು ದೊಡ್ಡಮ್ಮ ಆಗುತ್ತಿದ್ದೀ! ಔಷಧಿ ಅಂಗಡಿಯಿಂದ ತಂದ ಕಡ್ಡಿಯಲ್ಲಿ ಎರಡು ಗೆರೆ ಮೂಡಿತು. ನಂಬದೆ ಇನ್ನೊಂದು ತಂದೆ, ಅದರಲ್ಲೂ ಎರಡು! ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದೆ. ವೆನಿಸ್‌ನಿಂದ ಬಂದು ವಾರವಾದರೂ ಒಂದು ಸಾಲು ಬರೆಯಲಿಲ್ಲ ಎಂದು ಬೈಯಬೇಡ. ಫೋನ್ ಮಾಡಬಾರದಿತ್ತಾ ಎಂದೂ ಕೇಳಬೇಡ. ನಮ್ಮ ಮನೆಯ ಫೋನ್ ಇರುವುದು ಸಂಕೇತ್ ಕೂರುವ ಮೇಜಿನ ಮೇಲೆ.

ವೆನಿಸ್ ಹೇಗಿತ್ತು ಅಂತೀಯಾ? ಥೂ! ಕ್ಯಾಲೆಂಡರಿನಲ್ಲಿ ನೋಡಿ ಎಷ್ಟು ಆಸೆ ಪಟ್ಟಿದ್ದೆ ಗೊತ್ತಲ್ಲ. ದೊಡ್ಡ ಚೌಕದಲ್ಲಿ ಕಾಲಿಟ್ಟಲ್ಲೆಲ್ಲ ಪಾರಿವಾಳ. ಒಂದು ನನ್ನ ತಲೆಯ ಮೇಲೆ ಕೂತು, ಮಾಡಬಾರದ್ದನ್ನು ಮಾಡಿಯೇ ಹಾರಿತು. ಹಸಿರು ನೀರಿನಲ್ಲಿ ಸೌತೆಕಾಯಿ ಸಿಪ್ಪೆ, ಸಿಗರೇಟು ತುಂಡು, ಯಾರದ್ದೋ ಚಪ್ಪಲಿ. ಅರಮನೆಗಳ ಬುಡಕ್ಕೆಲ್ಲ ಪಾಚಿ. ಊಟಕ್ಕೆ ಕೂತರೆ ತಟ್ಟೆ ತುಂಬ ಕಪ್ಪು ಶಾವಿಗೆ! ಮೀನಿನ ಹೊಟ್ಟೆಯ ಮಸಿಯಂತೆ ಅದು. ನಾನು ಎದ್ದು ಹೊರಗೆ ಓಡಿದೆ. ಎಲ್ಲದರ ಮೇಲೂ ನನಗೇ ಯಾಕೆ ಇಷ್ಟು ಹೇಸಿಗೆ ಎಂದುಕೊಂಡಿದ್ದೆ. ಈಗ ಗೊತ್ತಾಯಿತು ನೋಡು, ಯಾರ ಕಿತಾಪತಿ ಅದು ಎಂದು!

ನಾವಿಬ್ಬರೇ ಹೋದದ್ದಲ್ಲ. ಸಂಕೇತ್‌ನ ಆಫೀಸಿನ ಹೆನ್ರಿಕ್, ಅವನ ಹೆಂಡತಿ ಮರಿಯಾ ಜೊತೆಗಿದ್ದರು. ಹೋದ ತಿಂಗಳು ಅವರ ಮನೆಯಲ್ಲೇ ನಾವು ಆ ಹುಳಿತ ಹೆರಿಂಗ್ ಮೀನಿನ ಊಟ ಮಾಡಿದ್ದು. ಅಕ್ಕಾ, ಆ ಡಬ್ಬ ಒಡೆಯುವುದಕ್ಕೂ ಅಂಗಳಕ್ಕೆ ಹೋಗಬೇಕು, ಅಂಥ ನಾತ! ಸಂಕೇತ್ ಮಾತ್ರ ಕಣ್ಣಲ್ಲಿ ನೀರು ಸುರಿಸುತ್ತಾ ಎರಡೆರಡು ಸಲ ಹಾಕಿಸಿಕೊಂಡು, "ಸೂಪರ್" ಅಂದ. ಎಲ್ಲರೂ ಚಪ್ಪಾಳೆ ಹೊಡೆದರು.

ನಾನು ವೆನಿಸ್‌ಗೆ ಅಮ್ಮ ಕಳಿಸಿದ ಒಣ ಸಿಗಡಿ ಚಟ್ನಿಯ ಸ್ಟೀಲ್ ಡಬ್ಬಿ ಒಯ್ದಿದ್ದೆ, ಇವನಿಗೆಂದೇ. ನಿಶ್ಚಿತಾರ್ಥವಾದ ಮೇಲೆ ಫೋನಿನಲ್ಲಿ ಇವನು ಕೇಳಿದ ಒಂದೇ ಒಂದು ವಸ್ತು ಅದು. "ಬೇರೇನೂ ಬೇಡ ಮಾರಾಯ್ತಿ, ಒಣ ಸಿಗಡಿ ಚಟ್ನಿ ತಾ. ಅದರ ಪರಿಮಳ ಮೂಗಿಗೆ ಬೀಳದೆ ಆರು ವರ್ಷ ಆಯ್ತು." ಅದನ್ನು ಕೇಳಿ ಅಮ್ಮ ಕರಗಿಹೋಗಿದ್ದಳು. "ಹುಡುಗ ಊರು ಮರೆತಿಲ್ಲ" ಎಂದು ನೆರೆಮನೆಗೆಲ್ಲ ಹೇಳಿ ಬಂದಿದ್ದಳು.

ಭಾನುವಾರ ಬಿಸಿಲಲ್ಲಿ, ದೋಣಿಯ ಬಸ್ಸಿನಲ್ಲಿ ಕಿಕ್ಕಿರಿದು ನಿಂತಿದ್ದೆವು. ತಡೆಯಲಾರದ ವಾಸನೆ. ನಾನೇ ಇಂಗ್ಲಿಷಿನಲ್ಲಿ ದೊಡ್ಡ ಬಾಯಿ ಮಾಡಿದೆ, "ನೋಡಿ ಹೆನ್ರಿಕ್, ಈ ನೀರು ಎಷ್ಟು ನಾರುತ್ತದೆ!" ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಆಗ ಮರಿಯಾ ಮೆಲ್ಲಗೆ ನನ್ನ ಬ್ಯಾಗಿನತ್ತ ನೋಡಿದಳು. ಡಬ್ಬಿಯ ಮುಚ್ಚಳ ಬಿಚ್ಚಿತ್ತು! ಕಾಲುವೆಗೆ ಬೈದದ್ದೆಲ್ಲ ಅಮ್ಮನ ಅಡುಗೆಮನೆಗೆ ಬೈದಂತಾಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಡಬ್ಬಿ ಅಲ್ಲೇ ಉಳಿಯಿತು. ಅಷ್ಟೇ ನಮ್ಮ ವೆನಿಸ್.

ಫೋಟೋಗಳು ಚೆನ್ನಾಗಿ ಬಂದಿವೆ. ನೋಡಿದವರು ಹೊಟ್ಟೆಕಿಚ್ಚು ಪಡಬೇಕು, ಹಾಗಿವೆ. ಭಾವನಿಗೆ ನನ್ನ ನಮಸ್ಕಾರ. ಡಾಗಿಸ್ ಶಿಶುವಿಹಾರಕ್ಕೆ ಹೋಗುವ ನಿನ್ನ ಪೋರಿಗೆ, ಆಡಲು ತಮ್ಮನೋ ತಂಗಿಯೋ ಬರುತ್ತಿದೆ ಎಂದು ಹೇಳು. ನನ್ನ ಹೊಟ್ಟೆಯಲ್ಲಿರುವುದಕ್ಕೆ ನಿನ್ನ ಆಶೀರ್ವಾದ ಇರಲಿ.

ನಿನ್ನ,
ಚಿನ್ಮಯಿ

ಮರೆತ ಮಾತು: ಮರೆತದ್ದಲ್ಲ ಅಕ್ಕಾ. ಬರೆಯಲು ಕೈ ಬರಲಿಲ್ಲ.

ಡಬ್ಬಿ ತಾನಾಗಿ ಉಳಿಯಲಿಲ್ಲ. ದೋಣಿ ನಿಂತ ಕೂಡಲೇ ಸಂಕೇತ್ ಅದನ್ನು ನನ್ನ ಕೈಯಿಂದ ಎಳೆದು ಕಸದ ತೊಟ್ಟಿಗೆ ಹಾಕಿದ. ಅದನ್ನಾದರೂ ಸಹಿಸುತ್ತಿದ್ದೆ. ಆಮೇಲೆ ಹೆನ್ರಿಕ್ ಕಡೆ ತಿರುಗಿ ಸ್ವೀಡಿಷ್‌ನಲ್ಲಿ ಹೇಳಿದ, "ಮದುವೆಗೆ ಮುಂಚೆ ಫೋಟೋ ನೋಡಿದೆ. ಮೂಸಿ ನೋಡಲಿಲ್ಲ." ಹೇಳಿ ತನ್ನ ಮೂಗು ಮುಟ್ಟಿ ತೋರಿಸಿದ. ಹೆನ್ರಿಕ್ ನಕ್ಕ. ಮರಿಯಾ ನಗಲಿಲ್ಲ, ನನ್ನ ಮುಖ ನೋಡಿದಳು. ನನಗೆ ಅರ್ಥವಾಗುವುದಿಲ್ಲ ಎಂದು ಇವನ ಲೆಕ್ಕ. ಇಲ್ಲಿನ ನಗರಸಭೆಯವರ ಸ್ವೀಡಿಷ್ ಕ್ಲಾಸಿನಲ್ಲಿ ಮುಖ, ಮೂಗು, ನೋಡಿದೆ, ಮೂಸಿದೆ ಎಲ್ಲ ಕಲಿಸಿಯಾಗಿದೆ.

ಹುಳಿತ ಹೆರಿಂಗ್ ತಿಂದ ಬಾಯಿ ಅದು, ಅಕ್ಕಾ. ಈಗ ಅವನು ಹತ್ತಿರ ಬಂದರೆ ನನಗೆ ವಾಕರಿಕೆ. ಎಲ್ಲವೂ ಬಸಿರಿನದ್ದಲ್ಲ.

ಮಗುವಿನ ವಿಷಯ ಅವನಿಗೆ ಹೇಳಿಲ್ಲ. ಮೊದಲು ನಿನಗೇ ಹೇಳಿದೆ. ನಿನ್ನ ಎದುರು ಕೂತು ಯೋಚಿಸಬೇಕು. ಇಲ್ಲಿಗೆ ವಾಪಸು ಬರುವ ಟಿಕೆಟ್ ತೆಗೆದಿಲ್ಲ. ನಿನ್ನಲ್ಲಿ ಒಣ ಸಿಗಡಿ ಇದ್ದರೆ ಹುರಿದಿಡು, ಕಿಟಕಿ ತೆರೆಯಬೇಡ. ಶನಿವಾರ ಬೆಳಗ್ಗಿನ ಸ್ಟಾಕ್‌ಹೋಮ್ ರೈಲಿನಲ್ಲಿ ಬರುತ್ತೇನೆ, ಹತ್ತೂವರೆಗೆ ನಿಮ್ಮೂರು ಸೋಡರ್‌ಟೆಲ್ಯೆಯಲ್ಲಿ ಇಳಿಯುತ್ತೇನೆ.