ಕೂತ್ಕೊಳ್ಳಿ, ಅಣ್ಣನ್ನ ಕರೀತೀನಿ

ಇವಳೇ,

ಹೀಗಲ್ಲದೆ ಬೇರೆ ಹೇಗೆ ಶುರು ಮಾಡಲಿ? ಮದುವೆಯಾದ ದಿನದಿಂದ ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ ನಾನು. ನೀನೂ ಅಷ್ಟೆ, 'ರೀ' ಎಂಬ ಒಂದೇ ಅಕ್ಷರದಲ್ಲಿ ನನ್ನನ್ನು ಮುಗಿಸಿಬಿಡುತ್ತಿದ್ದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನವಿಡೀ ಊರವರ ಮಾತನ್ನೆಲ್ಲ ಜೋಡಿಸಿ ಬಂದವಳಿಗೆ ಮನೆಯಲ್ಲಿ ಅಷ್ಟು ಸಾಕಾಗುತ್ತಿತ್ತೇನೋ. ನಾನಂತೂ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು; ಆ ಯಂತ್ರದ ಸದ್ದಿನಲ್ಲಿ ಬಾಯಿ ತೆರೆದು ಪ್ರಯೋಜನವಿರಲಿಲ್ಲ, ಅದೇ ಅಭ್ಯಾಸ ಮನೆಗೂ ಬಂತು. ಜಗಳವಿಲ್ಲದ, ಹೆಚ್ಚು ಮಾತೂ ಇಲ್ಲದ ಸಂಸಾರ ನಮ್ಮದು. ಈಗ ಹೇಳುವುದಕ್ಕೆ ಎಷ್ಟೊಂದಿದೆ, ಕೇಳಲು ನೀನಿಲ್ಲ. ಆದರೂ ಹೇಳದೆ ಇರಲಾರೆ.

ನಿನ್ನ ಮರೆವನ್ನು ಮೊದಮೊದಲು ನಾವಿಬ್ಬರೂ ತಮಾಷೆಯಾಗಿಯೇ ತೆಗೆದುಕೊಂಡೆವು. ನಿನ್ನ ಕನ್ನಡಕ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಾಗ, "ಹಿಟ್ಟಿಗೂ ಸ್ವಲ್ಪ ಕಣ್ಣು ಕಾಣ್ಲಿ ಬಿಡಿ" ಎಂದು ನೀನೇ ನಕ್ಕಿದ್ದೆ. ಆಮೇಲೆ ನೀನು ನಮ್ಮದೇ ಬೀದಿಯಲ್ಲಿ ದಾರಿ ತಪ್ಪಿದೆ. ಬೇಕರಿಯವನು ಕೈಹಿಡಿದು ಕರೆದುಕೊಂಡು ಬಂದ. ಡಾಕ್ಟರು ಡಿಮೆನ್ಷಿಯಾ ಎಂದರು, ಮಾತ್ರೆಗಳನ್ನು ಕೊಟ್ಟರು, ಇದು ವಾಸಿಯಾಗುವ ಕಾಯಿಲೆಯಲ್ಲ ಎಂದೂ ಹೇಳಿದರು. ಒಂದು ಬೆಳಿಗ್ಗೆ ನನ್ನ ಕೈಯಿಂದ ಟೀ ಲೋಟ ತೆಗೆದುಕೊಳ್ಳುತ್ತಾ ನೀನು, "ಸಕ್ಕರೆ ಜಾಸ್ತಿ ಹಾಕಿದೀಯ ಅಣ್ಣ" ಎಂದೆ.

ನಿನ್ನ ಅಣ್ಣ ಕರೆಂಟ್ ಕಂಬ ಹತ್ತುವ ಲೈನ್‌ಮ್ಯಾನ್. ಅಪ್ಪ ಅಮ್ಮ ಇಲ್ಲದ ನಿನ್ನನ್ನು ಸಾಕಿ, ಓದಿಸಿ, ನನ್ನ ಕೈಗೆ ಒಪ್ಪಿಸಿದವನು. ನಮ್ಮ ಮಗಳು ಹುಟ್ಟುವ ಮೊದಲೇ ತೀರಿಕೊಂಡಿದ್ದ. ನಾನು ನಿನ್ನ ತಪ್ಪನ್ನು ತಿದ್ದುವುದೇ ಮದ್ದು ಎಂದುಕೊಂಡಿದ್ದೆ. ಗೋಡೆಯ ಮೇಲಿದ್ದ ಮದುವೆಯ ಫೋಟೊ ಇಳಿಸಿ ತಂದು, ಇವಳು ನೀನು, ಪಕ್ಕದಲ್ಲಿರುವವನು ನಾನು ಎಂದು ಬೆರಳಿಟ್ಟು ತೋರಿಸಿದೆ. ನೀನು ಫೋಟೊದಲ್ಲಿದ್ದ ಕಪ್ಪು ಕೂದಲಿನವನನ್ನೂ ನನ್ನ ನರೆತ ತಲೆಯನ್ನೂ ನೋಡಿ, ಯಾಕೆ ಸುಳ್ಳು ಹೇಳುತ್ತೀಯ ಎಂದು ಕೇಳಿದೆ. ಅಷ್ಟಕ್ಕೇ ಬಿಡಬಹುದಿತ್ತು. ಅಣ್ಣ ಸತ್ತು ಎಷ್ಟೋ ಕಾಲವಾಯಿತು ಎಂದುಬಿಟ್ಟೆ. ನಿನಗೆ ಅದು ಆಗತಾನೆ ಬಂದ ಸುದ್ದಿ. ನೆಲದ ಮೇಲೆ ಕುಸಿದು ಕೂತು ನೀನು ಅತ್ತ ಅಳುವನ್ನು ಫೋನಿನಲ್ಲಿ ಕೇಳಿ ಮಗಳು ಬಸ್ಸಿನ ಡ್ಯೂಟಿಗೆ ರಜೆ ಹಾಕಿ ಓಡಿಬಂದಳು.

ಅವಳೇ ನನ್ನನ್ನು ಆ ಗುಂಪಿಗೆ ಎಳೆದುಕೊಂಡು ಹೋದದ್ದು. ಲೈಬ್ರರಿಯ ಮಹಡಿಯ ಮೇಲೆ, ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಮನೆಯಲ್ಲಿ ನಿನ್ನಂಥವರನ್ನು ನೋಡಿಕೊಳ್ಳುವವರು ವಾರಕ್ಕೊಮ್ಮೆ ಅಲ್ಲಿ ಸೇರುತ್ತಿದ್ದರು. ನಡೆಸುತ್ತಿದ್ದವರು ಹಿಂದೆ ನರ್ಸ್ ಆಗಿದ್ದವರು, ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನಿನ್ನ ವಿಚಾರ ಕೇಳುತ್ತಾರೆಂದು ನಾನು ಮಾತ್ರೆಗಳ ಹೆಸರು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು, ನೀವು ಸರಿಯಾಗಿ ಊಟ ಮಾಡಿ ಎಷ್ಟು ದಿನವಾಯಿತು ಎಂದು. ಅಷ್ಟು ಜನರ ಮುಂದೆ ನಾನು ಮಾತ್ರೆಗಳ ಹೆಸರನ್ನೇ ಒಪ್ಪಿಸಿದೆ.

ಅವರು ನಮಗೆ ಪಾಠ ಹೇಳುವ ರೀತಿ ನಾಟಕದ್ದು. ತಾವೇ ನೀನಾಗಿ ನನ್ನೆದುರು ಕೂತು, ಅಣ್ಣ ಊಟ ಆಯ್ತಾ ಎಂದು ಕೇಳಿದರು. ನಾನು ಪಟ್ಟನೆ, ನಾನು ಅಣ್ಣ ಅಲ್ಲ ಎಂದೆ. ಸುತ್ತ ಕೂತವರೆಲ್ಲ ನಕ್ಕರು. ಅವರೂ ಮನೆಯಲ್ಲಿ ಅದನ್ನೇ ಮಾಡಿ ಸೋತು ಬಂದವರು. ಮೇಡಂ ನಗಲಿಲ್ಲ. "ನೀವು ಹೇಳಿದ್ದು ಸರೀನೇ. ಆದ್ರೆ ಅವರಿಗೆ ಈಗ ಸರಿ ಬೇಕೋ, ಧೈರ್ಯ ಬೇಕೋ?" ಎಂದರು.

ಅಂದಿನಿಂದ ನಾನು ನಿನ್ನ ಅಣ್ಣನಾದೆ. ವಾದ ಬಿಟ್ಟೆ. ನೆನಪಿದೆಯಾ ಎಂದು ಪರೀಕ್ಷೆ ಮಾಡುವುದನ್ನು ಬಿಟ್ಟೆ. ಮನೆಯ ಗಾಳಿಯೇ ತಿಳಿಯಾಯಿತು. ನಾನು ಹಾಕಿದ ಸೊಟ್ಟ ಜಡೆಯನ್ನು ನೀನು ಕನ್ನಡಿಯಲ್ಲಿ ನೋಡಿ, ಕಂಬಕ್ಕೆ ತಂತಿ ಸುತ್ತಿದ ಹಾಗೆ ಸುತ್ತಿದ್ದೀಯ ಎಂದು ನಗುತ್ತಿದ್ದೆ. ಆದರೆ ಅಣ್ಣನಾದವನು ಕೆಲವನ್ನು ಬಿಟ್ಟುಕೊಡಬೇಕು ನೋಡು. ಸ್ನಾನದ ಹೊತ್ತಿಗೆ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ ನೀನು. ಡ್ಯೂಟಿ ಮುಗಿಸಿ ಬಂದ ಮಗಳು ನಿನಗೆ ನೀರು ಹಾಕುವಾಗ ನಾನು ಬಾಗಿಲಾಚೆ ಟವೆಲ್ ಹಿಡಿದು ನಿಂತಿರುತ್ತಿದ್ದೆ. ನನ್ನ ಹಾಸಿಗೆ ಹಾಲ್‌ನ ಮೂಲೆಗೆ ಬಂತು. ಇದನ್ನು ಗುಂಪಿನಲ್ಲಿ ಹೇಳಿಕೊಳ್ಳಲು ನಾಚಿಕೆಯಾಯಿತು, ನುಂಗಿಕೊಂಡೆ.

ನಾನು ಎಣಿಸದೇ ಇದ್ದದ್ದು ಇನ್ನೊಂದಿತ್ತು. ಅಣ್ಣನ ಹತ್ತಿರ ನೀನು ಗಂಡನ ವಿಷಯ ಮಾತಾಡತೊಡಗಿದೆ. ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಬಟಾಣಿ ಬಿಡಿಸುತ್ತಾ, ಅವರು ಗೊರಕೆ ಹೊಡೆಯುವುದು, ಹೊಸ ಸೀರೆ ಉಟ್ಟರೆ ಗೊತ್ತೇ ಆಗದೆ ಇರುವುದು, ಊರಿನವರ ಕಣ್ಣಿಗೆಲ್ಲ ಗಾಜು ಉಜ್ಜಿ ಮನೆಯವಳ ಕಣ್ಣನ್ನು ಮರೆಯುವುದು, ಎಲ್ಲವನ್ನೂ ಹೇಳಿದೆ. ನಾನು ತಲೆ ತಗ್ಗಿಸಿ ಸಿಪ್ಪೆ ಸುಲಿಯುತ್ತಿದ್ದೆ. ಒಂದು ದಿನ ಎಕ್ಸ್‌ಚೇಂಜಿನ ಮಾತು ಬಂತು. ದೂರದ ದೊಡ್ಡ ಊರಿನ ತರಬೇತಿ ಶಾಲೆಗೆ ನಿನ್ನನ್ನು ಮುಖ್ಯಸ್ಥೆಯಾಗಿ ಕರೆದಿದ್ದರಂತೆ. ನೀನು ಬೇಡವೆಂದೆಯಂತೆ. ನನಗೆ ಆ ವಿಷಯ ತಿಳಿದದ್ದು ಆ ಕ್ಷಣದಲ್ಲಿ, ಅದೂ ನಿನ್ನ ಅಣ್ಣನಾಗಿ. ಗಂಡನನ್ನು ಕೇಳಬಹುದಿತ್ತಲ್ಲ ಎಂದೆ.

"ಕೇಳಿದ್ರೆ ಹೂಂ ಅಂದ್ಬಿಡ್ತಿದ್ರು ಅಣ್ಣ" ಎಂದೆ ನೀನು. "ಆ ಗಾಜಿನ ಕೋಣೆ ಬಿಟ್ರೆ ಅವರಿಗೆ ಬೇರೆ ಲೋಕ ಇಲ್ಲ. ಅಲ್ಲಿ ಬಂದು ಮಂಕಾಗಿ ಕೂತಿರ್ತಿದ್ರು. ಅದನ್ನ ನೋಡ್ಕೊಂಡು ನಾನು ಹೇಗಿರ್ಲಿ?"

ನಾನೇ ಕಣೇ ಅವನು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನೀನು ಹೆದರುತ್ತೀಯೆಂದು ತಡೆದುಕೊಂಡೆ. ನೀನು ಕಿಟಕಿಯಾಚೆ ನೋಡುತ್ತಾ, ಅವರು ಯಾಕೆ ಇನ್ನೂ ಬರಲಿಲ್ಲ, ನೋಡಬೇಕು ಅನ್ನಿಸುತ್ತದೆ, ಕರೆಸು ಎಂದೆ. ಸಂಜೆಗೆ ಬರುತ್ತಾರೆ ಎಂದೆ ನಾನು.

ಮೇಡಂ ಇಂಥದ್ದನ್ನು ಹೇಳಿಕೊಟ್ಟಿರಲಿಲ್ಲ, ಇದು ನನ್ನದೇ ಹುಚ್ಚು. ಸಂಜೆ ಮಗಳು ನಿನ್ನ ಜೊತೆಯಿದ್ದಾಗ ಹಿಂಬಾಗಿಲಿನಿಂದ ಹೊರಗೆ ಹೋದೆ. ಕ್ಷೌರ ಮಾಡಿಸಿಕೊಂಡೆ, ಮೀಸೆಗೆ ಕಾಡಿಗೆ ಹಚ್ಚಿಕೊಂಡೆ, ಅಂಗಡಿಯಲ್ಲಿ ಹಾಕುತ್ತಿದ್ದ ಬಿಳಿ ಕೋಟು ತೊಟ್ಟು ಮುಂಬಾಗಿಲ ಬೆಲ್ ಒತ್ತಿದೆ. ನೋಡಲು ಹೋದ ಹುಡುಗಿಯ ಮನೆಯ ಮುಂದೆ ನಿಂತವನ ಹಾಗೆ ಕಾಲರ್ ಸರಿಮಾಡಿಕೊಂಡೆ. ನಿನ್ನ ಮುಂದೆ ನಿಂತು ಒಂದೇ ಒಂದು ಮಾತು ಹೇಳಬೇಕಿತ್ತು: ಹೋಗೋಣ ನಡಿ, ಆ ಊರಿಗೆ ಹೋಗೋಣ.

ನೀನೇ ಬಾಗಿಲು ತೆರೆದೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಆಪರೇಟರ್ ಆಗಿದ್ದಾಗಿನ ಅದೇ ನಯವಾದ ದನಿಯಲ್ಲಿ, "ಕೂತ್ಕೊಳ್ಳಿ, ಅಣ್ಣನ್ನ ಕರೀತೀನಿ" ಎಂದು ಒಳಗೆ ಹೋದೆ.

ನಾನು ಕುರ್ಚಿಯ ತುದಿಯಲ್ಲಿ ಕೂತೆ. ನೀನು ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಬಾತ್‌ರೂಮಿನಲ್ಲಿ ಅಣ್ಣನನ್ನು ಹುಡುಕುತ್ತಿದ್ದದ್ದು ಕೇಳಿಸುತ್ತಿತ್ತು. ಕೂಗುವ ದನಿ ಬರಬರುತ್ತಾ ನಡುಗಿತು. ಮಗಳು ಬಂದು, ಅಮ್ಮ ಹೆದರಿದ್ದಾಳೆ ಎಂದು ಕಣ್ಣಲ್ಲೇ ಹೇಳಿದಳು. ನಾನು ಎದ್ದು ಹೊರಗೆ ಬಂದು, ಕೋಟು ಕಳಚಿ ಬೇಲಿಯ ಮೇಲೆ ಎಸೆದು, ಕರವಸ್ತ್ರದಿಂದ ಮೀಸೆ ಉಜ್ಜಿಕೊಂಡು ಹಿಂಬಾಗಿಲಿನಿಂದ ಬಂದೆ. ನೀನು ನನ್ನ ತೋಳು ಹಿಡಿದುಕೊಂಡೆ.

"ಯಾರೋ ಬಂದಿದ್ರು ಅಣ್ಣ. ಒಳ್ಳೆಯವರ ಹಾಗಿದ್ರು. ಕೂತ್ಕೊಳ್ಳಿ ಅಂದ್ರೂ ಹೊರಟೇ ಹೋದ್ರು" ಎಂದೆ.

ಅದಾದ ಮೇಲೆ ನೀನು ಗಂಡನನ್ನು ಮತ್ತೆ ಕೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ, ನೀನು ತಿರುಗಿ ಬಂದು ಇನ್ನೊಮ್ಮೆ ನನ್ನ ಮುಖ ನೋಡಿದ್ದರೆ ಏನಾಗುತ್ತಿತ್ತೋ. ಈ ಯೋಚನೆ ನನ್ನನ್ನು ಬಿಟ್ಟು ಹೋಗುವುದಿಲ್ಲ. ಗುಂಪಿನಲ್ಲಿ ಎಲ್ಲರೂ ಹೋದ ಮೇಲೆ ಮೇಡಂಗೆ ಹೇಳಿದೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಿದೆ. ಗೊತ್ತಿಲ್ಲ ಎಂದರು, ತಮ್ಮ ಬಳಿ ಇದಕ್ಕೆ ಪಾಠವಿಲ್ಲ ಎಂದರು. ಜೋಡಿಸಿಟ್ಟ ಕುರ್ಚಿಗಳಲ್ಲಿ ಒಂದನ್ನು ಮತ್ತೆ ಎಳೆದುಕೊಂಡು ನನ್ನೆದುರು ಕೂತರು. "ಅಣ್ಣ ಹೇಗಿದಾರೆ ಅಂತ ಪ್ರತಿ ವಾರ ಹೇಳ್ತಿದ್ರಿ. ಆ ಎದ್ದು ಹೋದವರು ಹೇಗಿದಾರೆ? ಅವರ ಮಾತೂ ಕೇಳ್ಬೇಕು ನಾನು" ಎಂದರು. ಲೈಬ್ರರಿಯವರು ಬಂದು ದೀಪ ಆರಿಸುತ್ತೇವೆ ಎನ್ನುವವರೆಗೂ ಕೇಳಿದರು. ಹಾಸಿಗೆ ಬೇರೆಯಾದದ್ದನ್ನೂ ಅಂದೇ ಹೇಳಿದೆ. ನಿನ್ನ ಹತ್ತಿರ ಆಡಬೇಕಾಗಿದ್ದ ಮಾತನ್ನೆಲ್ಲ ಬೇರೆಯವರ ಹತ್ತಿರ ಆಡಿದೆನಲ್ಲ ಎಂಬ ಸಂಕಟ ಅಂದೂ ಇತ್ತು, ಇಂದೂ ಇದೆ.

ಕೊನೆಗೆ ನಿನ್ನ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದೆವು. ಅಷ್ಟರಲ್ಲಿ ನೀನು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ನನ್ನ ಹೆಬ್ಬೆರಳನ್ನು ಮಾತ್ರ ಹಿಡಿದುಕೊಂಡಿರುತ್ತಿದ್ದೆ. ವಾರ್ಡಿಗೆ ಹೊಸದಾಗಿ ಬಂದ ನರ್ಸ್, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ನಿನ್ನ ಕಣ್ಣು ತೆರೆದಿತ್ತು, ನನ್ನ ಕಡೆಗೇ ಇತ್ತು. ಗಂಡ ಎಂದರೆ ನೀನು ಬೆಚ್ಚಬಹುದು. ಅಣ್ಣ ಎನ್ನಲು ನನ್ನಿಂದ ಇನ್ನು ಆಗದು.

"ಮನೆಯವನು" ಎಂದೆ.

ನರ್ಸ್‌ಗೆ ಅಷ್ಟು ಸಾಕಾಯಿತು. ನೀನು ಹೆಬ್ಬೆರಳನ್ನು ಬಿಡಲಿಲ್ಲ. ಯಾವ ಮನೆಯವನು, ಯಾರ ಮನೆಯವನು ಎಂದು ನೀನು ತಿಳಿದೆಯೋ, ಕೇಳಿಸಿತೋ ಇಲ್ಲವೋ, ಮರುದಿನ ಬೆಳಿಗ್ಗೆ ಹೋಗಿಯೇಬಿಟ್ಟೆ.

ಎಲ್ಲಿದ್ದರೂ ಹೆದರಿಕೆಯಿಲ್ಲದೆ ಇರು. ನಿನಗೆ ಗೊತ್ತಿರುವ ದಾರಿಗಳೇ ಅಲ್ಲಿರಲಿ. ಹೋಗಿ ಬಾ.

ಇಂತು,
ನಿನ್ನ ಮನೆಯವನು