ಬಲಗಡೆ ಕಾಜಾ

ಮನೆಯಿಂದ,
೧೪ನೇ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ನೀನು, ಅಳಿಯಂದಿರು, ನನ್ನ ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದೀರಾ? ನಿನ್ನ ಸೊಂಟನೋವು ಹೇಗಿದೆ? ಶಾಲೆಯಲ್ಲಿ ದಿನವಿಡೀ ನಿಂತೇ ಪಾಠ ಮಾಡಬೇಡ, ಕುರ್ಚಿ ಇಟ್ಟಿರುವುದು ಚೀಲ ನೇತುಹಾಕುವುದಕ್ಕಲ್ಲ. ಇಲ್ಲಿ ಅಮ್ಮನ ಮಂಡಿ ಅಷ್ಟಕ್ಕಷ್ಟೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ನನಗೇನೂ ಆಗಿಲ್ಲ. ಸೂಜಿಗೆ ದಾರ ಪೋಣಿಸುವ ಹಟ ಇನ್ನು ಬಿಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ನಲವತ್ತು ವರ್ಷ ಬಟ್ಟೆ ಹೊಲಿದ ದರ್ಜಿಗೆ ಹೇಳುವ ಮಾತೇ ಇದು? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವಿಬ್ಬರೂ ಎರಡು ಮಾತಾಡಿ ‘ಅಮ್ಮನಿಗೆ ಕೊಡ್ತೀನಿ’ ಎನ್ನುವವರು. ಅದಕ್ಕೇ ಕಾಗದ.

ನಿನ್ನ ಸೋದರಮಾವ ತೀರಿಕೊಂಡ ಮೇಲೆ ಅವನ ಸಿನಿಮಾ ರೀಲುಗಳ ಪೆಟ್ಟಿಗೆಯನ್ನು ಅತ್ತೆ ನಮಗೆ ಕಳಿಸಿಕೊಟ್ಟರು. ಕೀಲಿ ಕೊಟ್ಟು ಓಡಿಸುವ ಅವನ ಕ್ಯಾಮೆರಾ ನಿನಗೆ ನೆನಪಿದೆಯಲ್ಲ? ಅದರ ಮುಂದೆ ಯಾರೂ ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ‘ಇದು ಫೋಟೋ ಅಲ್ಲ ಭಾವ, ಗೊಂಬೆ ಥರ ನಿಲ್ಲಬೇಡಿ, ಕೈ ಬೀಸಿ’ ಎಂದು ಪ್ರಾಣ ತಿನ್ನುತ್ತಿದ್ದ. ಪೆಟ್ಟಿಗೆಯ ತಳದಲ್ಲಿ ಒಂದು ರೀಲನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿಟ್ಟಿದ್ದ. ಮೇಲೆ ಅವನದೇ ಕೈಬರಹ: ‘ಹೊಳೆ. ಭಾವ ನೋಡುವುದು ಬೇಡ.’ ನಿನ್ನ ತಮ್ಮ, ನಮ್ಮ ಚಿಕ್ಕೋನು, ನೀರಿಗೆ ಜಾರಿ ಹೋದ ದಿನದ ರೀಲು ಅದು. ನನ್ನ ಸಂಕಟ ಹೆಚ್ಚದಿರಲಿ ಎಂದು ಹಾಗೆ ಬರೆದಿದ್ದಾನೆ ಪಾಪ, ಎಂದುಕೊಂಡೆ. ಎರಡು ವಾರ ಪೆಟ್ಟಿಗೆ ಮುಟ್ಟಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಮೂವತ್ತೆರಡು ವರ್ಷವಾಯಿತು, ಮಗುವಿನ ಮುಖ ನನಗೆ ಈಗ ಸರಿಯಾಗಿ ನೆನಪಿಗೇ ಬರುವುದಿಲ್ಲ. ಹೆತ್ತ ಅಪ್ಪನಿಗೆ ಅದಕ್ಕಿಂತ ನಾಚಿಕೆ ಇನ್ನೇನಿದೆ?

ರೀಲನ್ನು ಹೊರಗೆ ಕೊಡಲು ಮನಸ್ಸಾಗಲಿಲ್ಲ. ನನ್ನ ಮಗುವನ್ನು ಯಾರೋ ಅಂಗಡಿಯವನು ನನಗಿಂತ ಮೊದಲು ನೋಡುವುದು ಬೇಡವಾಗಿತ್ತು. ಹಳೆಯ ಪ್ರೊಜೆಕ್ಟರಿಗೆ ಹಾಕಿದರೆ ಒಣಗಿದ ಫಿಲ್ಮು ಹರಿದುಹೋಗುತ್ತದೆ. ಹಾಗೆ ಯೋಚಿಸುತ್ತಾ ಕೂತಿದ್ದಾಗ ನನ್ನ ಹೊಲಿಗೆ ಯಂತ್ರ ಕಣ್ಣಿಗೆ ಬಿತ್ತು. ಅದೂ ಬಟ್ಟೆಯನ್ನು ಒಂದೊಂದೇ ಹೊಲಿಗೆಯಷ್ಟು ಮುಂದಕ್ಕೆ ತಳ್ಳುತ್ತದಲ್ಲ! ಅಳತೆ ಹಿಡಿದೆ. ಅದರ ಅತಿ ಉದ್ದದ ಹೊಲಿಗೆಗೂ ಫಿಲ್ಮಿನ ಒಂದು ಚಿತ್ರಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಸೂಜಿಯ ಮೊನೆಯನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿದೆ, ಫಿಲ್ಮಿನ ಅಂಚಿನ ತೂತಿಗೆ ಅದು ಸರಿಯಾಗಿ ಇಳಿಯಿತು. ತೂತು ಇರುವುದು ಒಂದೇ ಅಂಚಿನಲ್ಲಿ, ಆ ಅಂಚು ಸೂಜಿಯ ಕಡೆಗೇ ಬರಬೇಕು. ಕೆಳಗೆ ಒಂದು ಬಲ್ಬು, ಅದರ ಮೇಲೆ ಡಬ್ಬಿಯ ಬಿಳೀ ಮುಚ್ಚಳ, ಮೇಲುಗಡೆ ಭೂತಗನ್ನಡಿ, ಅದರ ಮೇಲೆ ಚಿತ್ರ ಹಿಡಿಯಲು ಅಳಿಯಂದಿರು ಬಿಟ್ಟುಹೋದ ಹಳೇ ಫೋನು. ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರೆ ಒಂದು ಚಿತ್ರ. ‘ಹೊಲಿಯೋ ಕಾಲದಲ್ಲಿ ಇಷ್ಟು ನಿಷ್ಠೆ ಇದ್ದಿದ್ದರೆ ಗಿರಾಕಿಗಳು ಬಯ್ಯೋದಾದ್ರೂ ತಪ್ತಿತ್ತು’ ಎಂದಳು ನಿನ್ನಮ್ಮ. ಹೊಳೆಯ ರೀಲು ಎಂದು ತಿಳಿದ ಮೇಲೆ ಆ ಕೋಣೆಗೆ ಕಾಲಿಡಲಿಲ್ಲ.

ನಿನ್ನೆ ಬೆಳಿಗ್ಗೆ ಅದನ್ನು ಹಾಕಿದೆ. ಚಿತ್ರ ತಲೆಕೆಳಗಾಗಿ ಬಂತು. ಫೋನನ್ನೇ ತಿರುಗಿಸಿಟ್ಟೆ, ನೆಟ್ಟಗಾಯಿತು. ಮೊದಲು ಬರೀ ಬಿಳುಪು, ಆಮೇಲೆ ಅವನು ಬಂದ. ಕೆಂಪು ಚಡ್ಡಿ, ಹಿಂದಿನ ದಿನವಷ್ಟೇ ನಾನು ಹೊಲಿದದ್ದು. ಬೆಳೆಯುವ ಮಗು, ಮುಂದೆ ಬಿಚ್ಚಿ ಉದ್ದ ಮಾಡಬಹುದು ಎಂದು ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಿಸಿ ಬಿಟ್ಟಿದ್ದೆ. ಹೊಳೆಯ ಮೆಟ್ಟಿಲ ಮೇಲೆ ನಾನು, ಪಕ್ಕದಲ್ಲಿ ಅವನು, ಎರಡು ಮೆಟ್ಟಿಲು ಮೇಲೆ ನೀನು. ನಿನ್ನ ಎರಡೂ ಕೈಯಲ್ಲಿ ನಮ್ಮೆಲ್ಲರ ಚಪ್ಪಲಿ. ಮೊದಮೊದಲ ಚಿತ್ರಗಳಲ್ಲಿ ನಾನು ಕೈ ಬೀಸುತ್ತಿದ್ದೇನೆ. ಆಮೇಲೆ ಚಿತ್ರದಿಂದ ಚಿತ್ರಕ್ಕೆ ಕೈ ಕೆಳಗಿಳಿಯುತ್ತಾ ಬಂದು ಅವನ ಪುಟ್ಟ ಕೈಯನ್ನು ಹಿಡಿದುಕೊಳ್ಳುತ್ತದೆ. ಚಕ್ರ ತಿರುಗಿಸುವುದನ್ನು ನಿಲ್ಲಿಸಿ ಅತ್ತುಬಿಟ್ಟೆ. ಹಿಡಿದಿದ್ದೆ ಮಗಳೇ, ನಾನು ಅವನನ್ನು ಹಿಡಿದಿದ್ದೆ. ಆಮೇಲೆ ನಿನ್ನ ಕೈಗೆ ಒಪ್ಪಿಸಿ, ಮಾವನ ಸಾಮಾನು ಹೊರಲು ಹೋಗಿರಬೇಕು.

ಅವತ್ತು ಅಷ್ಟು ಜನರೆದುರು ‘ಅವನ ಕೈ ಯಾಕೆ ಬಿಟ್ಟೆ?’ ಎಂದು ನಾನು ನಿನ್ನನ್ನು ಕೇಳಬಾರದಿತ್ತು. ಹತ್ತು ವರ್ಷದವಳು ನೀನು, ‘ಗೊತ್ತಿಲ್ಲಪ್ಪ’ ಎಂದೆ, ಅಷ್ಟೇ. ಅವತ್ತಿನಿಂದ ನೀನು ನನ್ನ ಪಕ್ಕ ಕೂತು ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಹೋದ ಸಲ ಬಂದಾಗ ರಸ್ತೆ ದಾಟುವಾಗ ನೋಡಿದೆ, ನೀನು ಮಗಳ ಕೈ ಹಿಡಿಯುವುದಿಲ್ಲ, ಮಣಿಕಟ್ಟು ಹಿಡಿಯುತ್ತೀಯ. ಮಗುವಿನ ಚರ್ಮದ ಮೇಲೆ ನಿನ್ನ ಬೆರಳಿನ ಗುರುತು ಮೂಡಿತ್ತು. ಈಗ ಹೇಳುತ್ತೇನೆ. ಮಕ್ಕಳಿಂದ ತಪ್ಪಾಗುತ್ತದೆ. ನಾನು ಅದನ್ನು ಮನಸ್ಸಿನಿಂದ ತೆಗೆದುಹಾಕಿದ್ದೇನೆ, ನಿನ್ನನ್ನು ಕ್ಷಮಿಸಿದ್ದೇನೆ. ನೀನೂ ಅದನ್ನು ಮರೆತು ರಜೆಗೆ ಇಲ್ಲಿಗೆ ಬಾ. ಮೊಮ್ಮಗಳಿಗೆ ಒಂದು ಫ್ರಾಕು ಕತ್ತರಿಸಿಟ್ಟಿದ್ದೇನೆ, ಅವಳ ಅಳತೆ ಬೇಕು.

ಅಳಿಯಂದಿರಿಗೆ ನನ್ನ ನೆನಪು ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಗು ನೂರು ವರ್ಷ ಬಾಳಲಿ.

ನಿನ್ನ
ಅಪ್ಪ

ತಾ.ಕ.: ಸೋಮವಾರ. ಲಕೋಟೆ ಅಂಟಿಸುವ ಮುಂಚೆ ಅಮ್ಮ ತಾನಾಗಿಯೇ ಬಂದು ಚಿತ್ರ ತೋರಿಸಿ ಎಂದಳು. ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಚಿತ್ರದಲ್ಲಿದ್ದ ನನ್ನನ್ನು ನೋಡಿ, ‘ಇದೇನ್ರೀ, ಹೆಂಗಸರ ಥರ ಬಲಗಡೆ ಕಾಜಾ? ನಾನು ಯಾವತ್ತು ನಿಮ್ಗೆ ಹೀಗೆ ಹಾಕಿದ್ದೆ?’ ಎಂದಳು. ನನ್ನ ಅಂಗಿಗಳಿಗೆಲ್ಲ ಗುಂಡಿ ತೂರಿಸುವ ಕಾಜಾ ಹಾಕಿದವಳು ಅವಳೇ ಅಲ್ಲವೇ. ಜೇಬೂ ಬಲಕ್ಕಿತ್ತು. ದರ್ಜಿ ನಾನು, ಮಗುವನ್ನು ಬಿಟ್ಟು ಇನ್ನೇನನ್ನೂ ನೋಡಿರಲಿಲ್ಲ. ಫೋನನ್ನು ಮೊದಲಿದ್ದಂತೆ ಇಟ್ಟು ಬೇರೆ ರೀಲು ಹಾಕಿ ನೋಡಿದೆ, ಅದು ತಾನಾಗಿ ನೆಟ್ಟಗೇ ಬಂತು, ಜೇಬು ಎಡಕ್ಕೇ ಇತ್ತು. ಹೊಳೆಯ ರೀಲನ್ನು ಮಾತ್ರ ನಾನು ಬಾಲದಿಂದ, ಎಂದರೆ ಕೊನೆಯಿಂದ ಮೊದಲಿಗೆ ಹಾಕಿದ್ದೇನೆ, ತೂತಿನ ಅಂಚು ಸೂಜಿಯ ಕಡೆ ಬರಲೆಂದು ಫಿಲ್ಮನ್ನು ಮಗುಚಿದ್ದೇನೆ. ಅದಕ್ಕೇ ತಲೆಕೆಳಗಾಗಿದ್ದು, ನೆಟ್ಟಗೆ ಮಾಡಿದಾಗ ಎಡ ಬಲವಾಗಿದ್ದು. ನಿನ್ನ ಮಾವ ಒಮ್ಮೆ ನೋಡಿ, ವಾಪಸು ಸುತ್ತದೆ ಹಾಗೇ ಮುಚ್ಚಿಟ್ಟಿದ್ದಾನೆ. ಯಾಕೆ ಬೇಡ ಎಂದು ಬರೆದನೋ ಈಗ ಗೊತ್ತಾಯಿತು.

ನಾನು ಮೊದಲು ಎಂದುಕೊಂಡದ್ದೇ ಕಡೆಯದು. ನನ್ನ ಕೈ ಕೆಳಗಿಳಿದು ಅವನ ಕೈ ಹಿಡಿಯಲಿಲ್ಲ. ಅವನ ಕೈ ಬಿಟ್ಟು ಮೇಲೆ ಹೋಯಿತು, ಕ್ಯಾಮೆರಾಕ್ಕೆ ಬೀಸಲು. ಅಲ್ಲಿಗೆ ರೀಲು ಮುಗಿಯುತ್ತದೆ. ಕೊಟ್ಟಕೊನೆಯ ಚಿತ್ರದಲ್ಲಿ ಅವನು ಕೈಯನ್ನು ಇನ್ನೂ ಮೇಲಕ್ಕೇ ಹಿಡಿದಿದ್ದಾನೆ, ನನ್ನ ಕೈ ವಾಪಸು ಬರುತ್ತದೆ ಎಂದು. ನಿನ್ನ ಎರಡೂ ಕೈಯಲ್ಲಿ ಆಗಲೂ ಚಪ್ಪಲಿ. ಅವನನ್ನು ನಾನು ನಿನ್ನ ಕೈಗೆ ಕೊಡಲೇ ಇಲ್ಲ.

ಮೇಲೆ ಬರೆದದ್ದನ್ನು ಹರಿದುಹಾಕೋಣ ಎನಿಸಿತು, ಹರಿಯಲಿಲ್ಲ. ಕ್ಷಮಿಸಿದ್ದೇನೆ ಎಂದು ಬರೆದವನು ಎಂಥವನು ಎಂಬುದು ನಿನಗೆ ಗೊತ್ತಿರಲಿ. ಬರುವುದೂ ಬಿಡುವುದೂ ನಿನ್ನಿಷ್ಟ, ಕೇಳುವ ಬಾಯಿ ನನಗಿಲ್ಲ. ಕೈ ಬಿಟ್ಟವನು ನಾನು. ಮಗುವಿನ ಕೈಯನ್ನು ಇನ್ನು ಸ್ವಲ್ಪ ಸಡಿಲವಾಗಿ ಹಿಡಿದುಕೋ, ಕಂದಾ.